ನಿಮ್ಮ ಕಾರುಪಟ್ಟಿಯಲ್ಲಿ ಒಂದು ಸಾಲು ಖಾಲಿ ಬಿಡಿ: ರೇಸಿಂಗ್ ಗೇಮ್ ತಯಾರಕರಿಗೆ ಬಹಿರಂಗ ಪತ್ರ

ನಗರ, ನಾಡುಗಳನ್ನು ಬೇಕಾದಂತೆ ಸುತ್ತಬಹುದಾದ ಓಪನ್ ವರ್ಲ್ಡ್ ರೇಸಿಂಗ್ ಗೇಮ್‌ಗಳನ್ನು ಕಟ್ಟುವ ಸ್ಟುಡಿಯೋಗಳಿಗೆ, ಅವನ್ನು ಮಾರುವ ಪ್ರಕಾಶಕರಿಗೆ,

ಮಾನ್ಯರೇ,

ನಿಮ್ಮ ಗೇಮ್‌ಗಳಿಗೆ ಹೊಸ ಕಾರುಗಳನ್ನು ಮಾಡಿ ಸೇರಿಸುವ ಹವ್ಯಾಸಿಗಳು ನಾವು. ಇಂಥ ಸೇರ್ಪಡೆಗೆ ಮಾಡ್ ಎಂದೂ ಅದನ್ನು ತಯಾರಿಸುವವರಿಗೆ ಮಾಡರುಗಳು ಎಂದೂ ಹೆಸರು. ನೀವು ಕಟ್ಟಿಕೊಟ್ಟ ನಗರ, ಹೆದ್ದಾರಿ, ಘಾಟಿಯ ತಿರುವುಗಳಲ್ಲಿ ನೀವು ಕೊಡದ ಕಾರೊಂದನ್ನು ಓಡಿಸಬೇಕು ಅನ್ನಿಸಿದಾಗ ನಮ್ಮ ಕೆಲಸ ಶುರುವಾಗುತ್ತದೆ. ಈ ಪತ್ರದಲ್ಲಿ ನಾವು ಸೋರ್ಸ್ ಕೋಡ್ ಕೇಳುತ್ತಿಲ್ಲ, ಹಣ ಕೇಳುತ್ತಿಲ್ಲ, ನೀವು ಲೈಸೆನ್ಸ್ ಪಡೆದ ಮಾಡೆಲ್‌ಗಳನ್ನೂ ಕೇಳುತ್ತಿಲ್ಲ. ಕಾರುಪಟ್ಟಿಗೆ ಹೊರಗಿನಿಂದ ಒಂದು ಕಾರು ಸೇರಿಸಲು ಅಧಿಕೃತವಾದ ಒಂದು ದಾರಿ ಬೇಕು, ಆ ದಾರಿಯನ್ನು ವಿವರಿಸುವ ಹತ್ತಿಪ್ಪತ್ತು ಪುಟಗಳು ಬೇಕು. ಅದು ಇಲ್ಲದಿದ್ದಾಗ ಏನೇನು ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ನಿಮ್ಮ ಎಂಜಿನಿಯರುಗಳಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳುತ್ತೇವೆ.

ಹೊಸದೇನನ್ನೂ ಕೇಳುತ್ತಿಲ್ಲ ಎಂಬುದಕ್ಕೆ 2000ರಲ್ಲಿ ಬಂದ ಮಿಡ್‌ಟೌನ್ ಮ್ಯಾಡ್‌ನೆಸ್ 2 ಸಾಕ್ಷಿ. ಏಂಜೆಲ್ ಸ್ಟುಡಿಯೋಸ್ ತಯಾರಿಸಿ ಮೈಕ್ರೋಸಾಫ್ಟ್ ಪ್ರಕಟಿಸಿದ ಆ ಗೇಮ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಲಂಡನ್ ನಗರಗಳಿದ್ದವು. ಹೊಸ ಕಾರು ಬೇಕೆಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಒಂದು ಎಆರ್ ಫೈಲನ್ನು ಗೇಮ್ ಫೋಲ್ಡರಿಗೆ ಹಾಕಿದರೆ ಸಾಕು. ಅದರೊಳಗಿನ ಪುಟ್ಟ ಇನ್ಫೋ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಕಾರಿನ ಹೆಸರು, ಬಣ್ಣಗಳು, ಅಶ್ವಶಕ್ತಿ, ಗರಿಷ್ಠ ವೇಗ, ತೂಕ ಎಲ್ಲವೂ ಓದಲು ಬರುವ ಪಠ್ಯದಲ್ಲೇ ಇರುತ್ತಿದ್ದವು. ಮೆನುವಿನ ಕಾರುಪಟ್ಟಿ ತಯಾರಾಗುತ್ತಿದ್ದದ್ದು ಆ ಇನ್ಫೋ ಫೈಲುಗಳಿಂದಲೇ. ಹೀಗಾಗಿ ಗೇಮ್‌ನ ಮೂಲ ಕಾರುಗಳನ್ನು ಮುಟ್ಟುವ ಪ್ರಮೇಯವೇ ಇರಲಿಲ್ಲ. ಮಾಡ್ ಬೇಡವಾದರೆ ಫೈಲ್ ಅಳಿಸಿಬಿಡಿ, ಗೇಮ್ ಮೊದಲಿನಂತೆಯೇ ಇರುತ್ತದೆ.

ಐದು ವರ್ಷದ ನಂತರದ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ನೋಡಿ. ರಾಕ್‌ಪೋರ್ಟ್ ನಗರವನ್ನು ಇಂದಿಗೂ ಸುತ್ತುವವರಿದ್ದಾರೆ, ಆದರೆ ಅದಕ್ಕೆ ಕಾರು ಸೇರಿಸುವುದು ಬೇರೆಯದೇ ಕಥೆ. ಪ್ರತಿ ಕಾರಿನ ಫೋಲ್ಡರಿನಲ್ಲಿ ಆಕಾರಕ್ಕೆ ಜಾಮೆಟ್ರಿ ಬಿನ್, ಮೇಲೆ ಹೊದಿಸುವ ಚಿತ್ರಗಳಿಗೆ (ಟೆಕ್ಸ್ಚರ್) ಟೆಕ್ಸ್ಚರ್ಸ್ ಬಿನ್ ಫೈಲುಗಳು. ಆದರೆ ಆ ಕಾರು ಹೇಗೆ ಓಡಬೇಕೆಂಬ ಅಂಕಿಗಳು ಬೇರೆ ಕಡೆ, ವಿಎಲ್‌ಟಿ ಎಂಬ ಡೇಟಾಬೇಸಿನಲ್ಲಿ. ಪಟ್ಟಿಗೆ ಹೊಸ ಸಾಲು ಸೇರಿಸುವ ದಾರಿ ಇರಲಿಲ್ಲವಾದ್ದರಿಂದ ವರ್ಷಗಳ ಕಾಲ ಎಲ್ಲ ಮಾಡ್‌ಗಳೂ ಬದಲಿ ಮಾಡ್‌ಗಳೇ ಆಗಿದ್ದವು: ಇರುವ ಒಂದು ಕಾರನ್ನು ಎತ್ತಿ, ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು. ಕೊನೆಗೆ ಅಭಿಮಾನಿಗಳೇ ಅನ್‌ಲಿಮಿಟರ್ ಎಂಬ ಸಾಧನ ಬರೆದು ಆ ಮಿತಿಯನ್ನು ಮೆಮೊರಿಯಲ್ಲೇ ಮುರಿದರು. 2006ರ ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್‌ನಲ್ಲಿ ತೊಡಕು ಇನ್ನೊಂದು ಬಗೆಯದು. ಬಿಎನ್‌ಕೆ1 ಮ್ಯಾಪ್ ಎಂಬ ಒಂದು ಫೈಲು ಉಳಿದ ಫೈಲುಗಳ ಗಾತ್ರವನ್ನು ಬರೆದಿಟ್ಟುಕೊಂಡಿತ್ತು. ಕಾರಿನ ಫೈಲು ಹಿಗ್ಗಿದರೂ ಕುಗ್ಗಿದರೂ ಲೆಕ್ಕ ತಪ್ಪುತ್ತಿತ್ತು. ಆ ಮ್ಯಾಪನ್ನು ತಿದ್ದುವ ಸಾಧನ ಬರುವ ತನಕ ಆ ಗೇಮ್ ನಡೆಯುವ ಒವಾಹು ದ್ವೀಪದ ರಸ್ತೆಗಳಿಗೆ ಹೊಸ ಕಾರು ಇಳಿಸುವುದೆಂದರೆ ಕ್ರ್ಯಾಶ್‌ಗಳ ಜೊತೆ ಗುದ್ದಾಟ.

ಬದಲಿ ಮಾಡ್‌ನಲ್ಲಿ ತೊಂದರೆ ಏನು? ಹೊಸ ಕಾರು ಹಳೆಯದರ ಆಸ್ತಿಯನ್ನೆಲ್ಲ ಹೊತ್ತುಕೊಂಡು ಬರುತ್ತದೆ. ನಾಲ್ಕು ಸಿಲಿಂಡರಿನ ಹ್ಯಾಚ್‌ಬ್ಯಾಕ್ ವಿ8 ಸದ್ದಿನಲ್ಲಿ ಗರ್ಜಿಸುತ್ತದೆ. ಚಕ್ರಗಳ ನಡುವಿನ ಅಂತರ ಹಳೆಯದೇ ಉಳಿದು ಟೈರುಗಳು ಮಡ್‌ಗಾರ್ಡ್ ಸೀಳಿಕೊಂಡು ಹೊರಬರುತ್ತವೆ. ಒಳಗಿನ ಕ್ಯಾಮೆರಾ ಚಾಲಕನ ಕಣ್ಣಿನ ಬದಲು ಡ್ಯಾಶ್‌ಬೋರ್ಡಿನ ಒಳಗೆ ಕೂತಿರುತ್ತದೆ. ಅಂಗಡಿಯಲ್ಲಿ ಸ್ಪಾಯ್ಲರ್ ಕೊಂಡರೆ ಅದು ಡಿಕ್ಕಿಯ ಮೇಲೆ ಗಾಳಿಯಲ್ಲಿ ತೇಲುತ್ತದೆ. ಮೂಲ ಕಾರನ್ನು ಯಾವುದೋ ಎದುರಾಳಿಗೆ ಕಥೆಯಲ್ಲಿ ಕೊಟ್ಟಿದ್ದರೆ ಆ ಎದುರಾಳಿಯೂ ನಮ್ಮ ಹೊಸ ಕಾರಿನಲ್ಲೇ ಪ್ರತ್ಯಕ್ಷ. ಇಬ್ಬರು ಮಾಡರುಗಳು ಒಂದೇ ಕಾರನ್ನು ಬದಲಿಸಿದ್ದರೆ ಆಟಗಾರನಿಗೆ ಎರಡರಲ್ಲಿ ಒಂದೇ ದಕ್ಕುವುದು. ಇವುಗಳಲ್ಲಿ ಒಂದೂ ಮಾಡೆಲ್ ಮಾಡಿದವರ ಕೈಗುಣದ ಕೊರತೆಯಲ್ಲ. ಪಟ್ಟಿಯಲ್ಲಿ ಖಾಲಿ ಸಾಲು ಇಲ್ಲದ್ದರ ಫಲ.

ಇನ್ನು ದಾಖಲೆಯ ಮಾತು. ಒಂದು ಕಾರನ್ನು ಶುರುವಿನಿಂದ ರಸ್ತೆಗಿಳಿಸುವ ತನಕದ ಹೆಜ್ಜೆಗಳನ್ನು ಹೇಳಿದರೆ, ಯಾವ ಜಾಗದಲ್ಲಿ ನಿಮ್ಮ ಒಂದು ವಾಕ್ಯ ನಮ್ಮ ವಾರಗಳನ್ನು ಉಳಿಸುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ಮೊದಲಿಗೆ ಅಳತೆ ಮತ್ತು ದಿಕ್ಕು. 3ಡಿ ಮಾಡೆಲ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ ಮೇಲ್ಮುಖ ಅಕ್ಷ ಝಡ್, ಅನೇಕ ಗೇಮ್ ಎಂಜಿನ್‌ಗಳಲ್ಲಿ (ಗೇಮನ್ನು ಓಡಿಸುವ ಮೂಲ ಸಾಫ್ಟ್‌ವೇರ್) ಅದು ವೈ. ಒಂದು ಏಕಮಾನ ಒಂದು ಮೀಟರೋ ಒಂದು ಸೆಂಟಿಮೀಟರೋ ಗೊತ್ತಿಲ್ಲದಿದ್ದರೆ 4.4 ಮೀಟರಿನ ಕಾರು ಗೇಮ್‌ನಲ್ಲಿ 4.4 ಸೆಂಟಿಮೀಟರ್ ಆಟಿಕೆಯಾಗಿ, ಇಲ್ಲವೇ 440 ಮೀಟರ್ ಕಟ್ಟಡವಾಗಿ ಬರುತ್ತದೆ. ಅದು ಕಣ್ಣಿಗೆ ಬೀಳುವ ತಪ್ಪು, ಬೇಗ ಸರಿಯಾಗುತ್ತದೆ. ಕಣ್ಣಿಗೆ ಬೀಳದ್ದು ಬೇರೆ ಇದೆ: ಎಕ್ಸ್‌ಪೋರ್ಟ್ ಮಾಡುವಾಗ ಅಳತೆ ಬದಲಾವಣೆ ಮಾಡೆಲಿನ ಬಿಂದುಗಳಿಗೆ ಇಳಿಯದೆ ಬರೀ ಅವುಗಳನ್ನು ಹಿಡಿದಿಟ್ಟ ಮೇಲಿನ ನೋಡ್‌ನಲ್ಲಿ ಉಳಿದುಬಿಡುವುದು. ಆಗ ಕಾರು ನೋಡಲು ಸರಿ, ಡಿಕ್ಕಿ ಹೊಡೆದಾಗ ಮಾತ್ರ ನೂರು ಪಟ್ಟು ದೊಡ್ಡದಾಗಿಯೋ ಚಿಕ್ಕದಾಗಿಯೋ ವರ್ತಿಸುತ್ತದೆ. ಮಾಡೆಲ್ ಹೊರತೆಗೆಯುವ ಮುಂಚೆ ಅಳತೆ ಮತ್ತು ತಿರುವನ್ನು ಅಪ್ಲೈ ಮಾಡಿ ಎಂದು ಹೊಸಬರಿಗೆ ಹೇಳಿ ಹೇಳಿ ಹಳಬರು ಸೋತಿದ್ದಾರೆ.

ಚಕ್ರದ ಕೇಂದ್ರಬಿಂದು ಚಕ್ರದ ನಡುಮಧ್ಯದಲ್ಲೇ ಇರಬೇಕು, ಮಾಡೆಲಿನ ಮೂಲಬಿಂದುವಿನಲ್ಲಲ್ಲ. ಇಲ್ಲದಿದ್ದರೆ ಚಕ್ರ ತನ್ನ ಸುತ್ತ ತಿರುಗುವ ಬದಲು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ತ್ರಿಜ್ಯವನ್ನು ಕಣ್ಣಂದಾಜಿನಲ್ಲಿ ಹಾಕುವುದೂ ಸಲ್ಲದು. 225/45 ಆರ್17 ಟೈರಿನ ಲೆಕ್ಕ ಹೀಗೆ: ರಿಮ್ 17 ಇಂಚು, ಅಂದರೆ 431.8 ಮಿ.ಮೀ. ಪಕ್ಕದ ಎತ್ತರ 225ರ ಶೇ 45, ಅಂದರೆ 101.25 ಮಿ.ಮೀ., ಮೇಲೂ ಕೆಳಗೂ ಸೇರಿ 202.5. ಒಟ್ಟು ವ್ಯಾಸ 634.3, ತ್ರಿಜ್ಯ ಸುಮಾರು 317 ಮಿ.ಮೀ. ಇದರಲ್ಲಿ ತಪ್ಪಿದರೆ ಟೈರು ರಸ್ತೆಯೊಳಗೆ ಹೂತುಹೋಗುತ್ತದೆ ಇಲ್ಲವೇ ರಸ್ತೆಯ ಮೇಲೆ ತೇಲುತ್ತದೆ, ಜೊತೆಗೆ ವೇಗದ ಲೆಕ್ಕವೂ ಹಾಳು. ಐದನೇ ಗೇರಿನ ಅನುಪಾತ 0.85, ಫೈನಲ್ ಡ್ರೈವ್ 4.1, ಎಂಜಿನ್ 7,000 ಆರ್‌ಪಿಎಂ ಎಂದಿಟ್ಟುಕೊಳ್ಳಿ. ಚಕ್ರ ನಿಮಿಷಕ್ಕೆ ಸುಮಾರು 2,009 ಸುತ್ತು, ಸುತ್ತಳತೆ 1.99 ಮೀಟರ್, ವೇಗ ಗಂಟೆಗೆ 240 ಕಿ.ಮೀ. ತ್ರಿಜ್ಯದಲ್ಲಿ ಶೇ 10ರಷ್ಟು ಎಡವಟ್ಟಾದರೆ ಗರಿಷ್ಠ ವೇಗದಲ್ಲಿ 24 ಕಿ.ಮೀ. ವ್ಯತ್ಯಾಸ. ನಿಮ್ಮ ಗೇಮ್ ಈ ತ್ರಿಜ್ಯವನ್ನು ಮಾಡೆಲಿನಿಂದ ಅಳೆದುಕೊಳ್ಳುತ್ತದೋ ಫಿಸಿಕ್ಸ್ ಫೈಲಿನಿಂದ ಓದುತ್ತದೋ ಎಂಬುದನ್ನು ನಾವು ಊಹಿಸಬೇಕಾಗಿದೆ. ಕೆಲವು ಗೇಮ್‌ಗಳಲ್ಲಿ ಎರಡೂ ನಡೆಯುತ್ತವೆ: ನೋಟಕ್ಕೆ ಒಂದು, ಓಟಕ್ಕೆ ಇನ್ನೊಂದು.

ಇನ್ನು ಮಾಡೆಲಿನ ಮೈ ಕಟ್ಟುವ ತ್ರಿಕೋನಗಳು. ದೂರಕ್ಕೆ ತಕ್ಕಂತೆ ವಿವರ ಇಳಿಸಿದ ಮಾಡೆಲಿನ ಪ್ರತಿಗಳಿಗೆ ಎಲ್‌ಒಡಿ ಎನ್ನುತ್ತಾರೆ. ಹತ್ತಿರದಿಂದ ನೋಡುವ ಎಲ್‌ಒಡಿಗೆ ಈಗಿನ ಗೇಮ್‌ಗಳಲ್ಲಿ ಒಂದರಿಂದ ಎರಡು ಲಕ್ಷ ತ್ರಿಕೋನ ಇಡುವುದು ವಾಡಿಕೆ. ನಂತರದ ಹಂತಗಳು ಸುಮಾರು ಅರ್ಧ, ಐದರಲ್ಲೊಂದು, ಕೊನೆಗೆ ಕೆಲವೇ ಸಾವಿರ. ಮಾಡ್ ಹಾಕಿದ ಮೇಲೆ ಗೇಮ್ ತಡವರಿಸುತ್ತದೆ ಎಂಬ ದೂರುಗಳ ಬೆನ್ನು ಹತ್ತಿದರೆ ಬಹಳ ಸಲ ಸಿಗುವುದು ಎಲ್‌ಒಡಿಯೇ ಇಲ್ಲದ ಕಾರು. ಗ್ಯಾರೇಜಿನಲ್ಲಿ ಒಂದೇ ನಿಂತಾಗ ಏನೂ ಗೊತ್ತಾಗುವುದಿಲ್ಲ, ಎಂಟು ಎದುರಾಳಿಗಳು ಅದೇ ಕಾರಿನಲ್ಲಿ ಬಂದಾಗ ಹದಿನಾರು ಲಕ್ಷ ತ್ರಿಕೋನಗಳು ಒಮ್ಮೆಗೇ ಪರದೆಗೆ. ಹಳೆಯ ಗೇಮ್ ಎಂಜಿನ್‌ಗಳಲ್ಲಿ ಇನ್ನೊಂದು ಗೋಡೆ ಇದೆ: ಬಿಂದುಗಳ ಎಣಿಕೆಗೆ 16 ಬಿಟ್ ಸಂಖ್ಯೆ ಬಳಸಿದರೆ ಒಂದು ಮೆಶ್‌ನಲ್ಲಿ (ತ್ರಿಕೋನಗಳ ಜಾಲ) 65,536ಕ್ಕಿಂತ ಹೆಚ್ಚು ಬಿಂದುಗಳು ಹಿಡಿಸುವುದಿಲ್ಲ. ಮೀರಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿ ಬಾನೆಟ್ಟಿನಿಂದ ಹಿಂದಿನ ಬಂಪರಿನವರೆಗೆ ಚೂಪಾದ ತ್ರಿಕೋನಗಳು ಅಡ್ಡಾದಿಡ್ಡಿ ಎಳೆದುಕೊಳ್ಳುತ್ತವೆ. ಬಾಡಿಯನ್ನು ಎರಡು ಮೆಶ್‌ಗಳಾಗಿ ಒಡೆದರೆ ಸರಿಹೋಗುತ್ತದೆ, ಒಡೆಯಲು ನಿಮ್ಮ ಹೆಸರಿಡುವ ಪದ್ಧತಿ ಬಿಟ್ಟರೆ. ಚೂರು ಬಾಗುವ, ಜಜ್ಜಿಹೋಗುವ ಬಾಡಿ ಇರುವ ಗೇಮ್‌ಗಳಲ್ಲಿ ಹಾನಿಯ ರೂಪ ಮತ್ತು ಮೂಲ ರೂಪ ಎರಡರಲ್ಲೂ ಬಿಂದುಗಳ ಸಂಖ್ಯೆ ಮಾತ್ರವಲ್ಲ, ಕ್ರಮವೂ ಒಂದೇ ಆಗಿರಬೇಕು. ಎಕ್ಸ್‌ಪೋರ್ಟರ್ ಸಾಫ್ಟ್‌ವೇರ್ ಒಂದು ಕಡೆ ಬಿಂದುಗಳನ್ನು ಮರುಜೋಡಿಸಿತೆಂದರೆ, ಸಣ್ಣ ಗುದ್ದಿಗೇ ಕಾರು ಸ್ಫೋಟವಾದಂತೆ ಚೆಲ್ಲಾಪಿಲ್ಲಿ.

ಟೆಕ್ಸ್ಚರಿನ ವಿಷಯದಲ್ಲಿ ಲೆಕ್ಕ ಸರಳ, ತಪ್ಪು ಮಾತ್ರ ಎಲ್ಲೆಲ್ಲೂ. 4096 ಅಡ್ಡ 4096ರ ಚಿತ್ರ ಕುಗ್ಗಿಸದೆ ಇಟ್ಟರೆ ವೀಡಿಯೊ ಮೆಮೊರಿಯಲ್ಲಿ 64 ಎಂಬಿ. ದೂರದ ನೋಟಕ್ಕೆ ಇಡುವ ಅದರ ಚಿಕ್ಕ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್ ಸೇರಿದರೆ ಇನ್ನೂ ಮೂರನೇ ಒಂದು ಭಾಗ, ಸುಮಾರು 85. ಅದನ್ನೇ ಬಿಸಿ7 ಎಂಬ ಕುಗ್ಗಿಸುವ ಕ್ರಮದಲ್ಲಿ ಡಿಡಿಎಸ್ ಎಂಬ ಚಿತ್ರ ಫೈಲಾಗಿ ಉಳಿಸಿದರೆ ಮಿಪ್‌ಮ್ಯಾಪ್ ಸಮೇತ 21, ಬಿಸಿ1ರಲ್ಲಿ 11ಕ್ಕಿಂತ ಕಡಿಮೆ. ಪಾರದರ್ಶಕತೆ ಬೇಕಿಲ್ಲದ ಸೀಟು, ಚಾಸಿಗಳಿಗೆ ಬಿಸಿ1 ಧಾರಾಳ. ಮೇಲ್ಮೈಯ ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪಿಗೆ ಬಿಸಿ5 ಸರಿ. ನಾರ್ಮಲ್ ಮ್ಯಾಪಿನ ಹಸಿರು ಚಾನೆಲ್ ಡೈರೆಕ್ಟ್‌ಎಕ್ಸ್ ಎಂಬ ಗ್ರಾಫಿಕ್ಸ್ ಪದ್ಧತಿಯಲ್ಲಿ ಒಂದು ದಿಕ್ಕು, ಓಪನ್‌ಜಿಎಲ್ ಪದ್ಧತಿಯಲ್ಲಿ ಅದರ ತಿರುವುಮುರುವು. ತಪ್ಪಾದರೆ ತಗ್ಗು ಉಬ್ಬಾಗಿ, ಉಬ್ಬು ತಗ್ಗಾಗಿ ಕಾಣುತ್ತದೆ. ಎಡಬಲ ಬದಿಗಳಿಗೆ ಟೆಕ್ಸ್ಚರ್ ಹೊದಿಸುವ ನಕ್ಷೆಯಲ್ಲಿ (ಯುವಿ) ಒಂದೇ ಜಾಗ ಹಂಚಿದ್ದರೆ ಬಾಗಿಲ ಮೇಲಿನ ರೇಸ್ ನಂಬರು ಒಂದು ಬದಿಯಲ್ಲಿ ಕನ್ನಡಿಯಕ್ಷರ. ಗಾಜಿನ ಮೆಶ್‌ಗಳನ್ನು ಬರೆಯುವ ಕ್ರಮ ಅದಲುಬದಲಾದರೆ ಮುಂದಿನ ಗಾಜಿನ ಮೂಲಕ ನೋಡಿದಾಗ ಹಿಂದಿನ ಗಾಜು ಮಾಯ. ಇವೆಲ್ಲ ನಿಮ್ಮ ಕಲಾವಿದರಿಗೆ ಮೊದಲ ದಿನವೇ ಕೈಗೆ ಕೊಡುವ ಸೂಚನೆಗಳು. ಆ ಹಾಳೆಯನ್ನೇ ನಮಗೂ ಕೊಡಿ.

ಡಿಕ್ಕಿಯ ಲೆಕ್ಕಕ್ಕೆ ಬಳಸುವ ಕೊಲಿಷನ್ ಮೆಶ್ ಬಗ್ಗೆ ಎರಡೇ ಮಾತು. ನೋಡುವ ಮಾಡೆಲನ್ನೇ ಡಿಕ್ಕಿಗೂ ಬಳಸಬಾರದು. ಉಬ್ಬಾದ, ಕೆಲವೇ ಹತ್ತು ಮುಖಗಳ ಸರಳ ಆಕಾರ ಸಾಕು. ಅದರ ತಳ ನೆಲಕ್ಕೆ ತಾಗುವಷ್ಟು ಕೆಳಗಿದ್ದರೆ ಕಾರು ರಸ್ತೆಯ ಸಣ್ಣ ಏರಿಗೂ ಎಗರಿ ಬೀಳುತ್ತದೆ, ಸಸ್ಪೆನ್ಷನ್ ಮೇಲೆ ವೃಥಾ ಗುಮಾನಿ.

ಫಿಸಿಕ್ಸ್‌ನಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಅಳತೆಯ ಮಾನಗಳು. ಒಂದು ಮೂಲೆಯ ಮೇಲೆ 320 ಕೆಜಿ ಭಾರ ಹೊತ್ತ ಸ್ಪ್ರಿಂಗು ಸೆಕೆಂಡಿಗೆ ಒಂದೂವರೆ ಬಾರಿ ಅಲುಗಬೇಕೆಂದರೆ ಅದರ ಗಡಸುತನ ಮೀಟರಿಗೆ ಸುಮಾರು 28,400 ನ್ಯೂಟನ್, ಅಂದರೆ ಮಿಲಿಮೀಟರಿಗೆ 28. ಮೀಟರ್ ಲೆಕ್ಕ ಕೇಳುವ ಜಾಗದಲ್ಲಿ 28 ಎಂದು ಬರೆದರೆ ಕಾರು ಹೊಟ್ಟೆ ನೆಲಕ್ಕೆ ಒರಗಿಸಿ ಮಲಗುತ್ತದೆ. ಮಿಲಿಮೀಟರ್ ಕೇಳುವ ಜಾಗದಲ್ಲಿ 28,400 ಬರೆದರೆ ಮೊದಲ ಫ್ರೇಮಿಗೇ ಆಕಾಶಕ್ಕೆ. ಅಲುಗಾಟ ತಗ್ಗಿಸುವ ಡ್ಯಾಂಪರಿಗೂ ಇದೇ ಹಣೆಬರಹ: ಮೇಲಿನ ಸ್ಪ್ರಿಂಗಿಗೆ ಕ್ರಿಟಿಕಲ್ ಡ್ಯಾಂಪಿಂಗ್ (ಮತ್ತೆ ಓಲಾಡದೆ ನಿಲ್ಲಲು ಬೇಕಾದಷ್ಟು) ಸುಮಾರು 6,000, ರಸ್ತೆ ಕಾರಿಗೆ ಅದರ ಶೇ 30ರಂತೆ 1,800 ನ್ಯೂಟನ್ ಸೆಕೆಂಡ್ ಪ್ರತಿ ಮೀಟರ್. ನಿಮ್ಮ ಫೈಲಿನ ಅಂಕಿ ಇದೇ ಮಾನದಲ್ಲಿದೆಯೋ ಅಥವಾ ಸೊನ್ನೆಯಿಂದ ಒಂದರ ನಡುವಿನ ಅನುಪಾತವೋ ಎಂದು ತಿಳಿಯಲು ನಿಮ್ಮ ಮೂವತ್ತು ಕಾರುಗಳ ಫೈಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸುತ್ತ ಕೂರಬೇಕು.

ತಿರುಗುವಿಕೆಗೆ ಒಡ್ಡುವ ಜಡತ್ವವೂ ಹಾಗೆಯೇ. 1,400 ಕೆಜಿ ತೂಗುವ, 4.4 ಮೀಟರ್ ಉದ್ದ, 1.8 ಮೀಟರ್ ಅಗಲದ ಕಾರನ್ನು ಒಂದು ಪೆಟ್ಟಿಗೆ ಎಂದು ಭಾವಿಸಿದರೆ, ಉದ್ದದ ವರ್ಗ ಮತ್ತು ಅಗಲದ ವರ್ಗವನ್ನು ಕೂಡಿಸಿ, ತೂಕದಿಂದ ಗುಣಿಸಿ, 12ರಿಂದ ಭಾಗಿಸಿದಾಗ ಸುಮಾರು 2,640 ಬರುತ್ತದೆ. ಹಳೆಯ ಕಾರಿನ ಅಂಕಿಯನ್ನೇ ಉಳಿಸಿಕೊಂಡ ಮಾಡ್‌ಗಳಲ್ಲಿ ಹಗುರ ಕಾರು ಲಾರಿಯಂತೆ ನಿಧಾನ ತಿರುಗುತ್ತದೆ, ದೋಷ ಟೈರಿನ ಮೇಲೆ ಬೀಳುತ್ತದೆ. ಟಾರ್ಕ್ (ತಿರುಗಿಸುವ ಬಲ) ಪಟ್ಟಿಯಲ್ಲಿ ಬರೆಯಬೇಕಾದ್ದು ಎಂಜಿನ್ನಿನ ಕ್ರ್ಯಾಂಕಿನಲ್ಲಿ ಅಳೆದದ್ದೋ ಚಕ್ರದಲ್ಲಿ ಅಳೆದದ್ದೋ? ನಡುವೆ ಶೇ 10ರಿಂದ 15ರಷ್ಟು ನಷ್ಟ ಇರುತ್ತದೆ. ಕಂಪನಿ ಪ್ರಕಟಿಸುವ ಅಂಕಿ ಕ್ರ್ಯಾಂಕಿನದು. ಪಟ್ಟಿ ಸರಿಯಾಗಿದೆಯೇ ಎಂದು ನೋಡಲು ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ: 300 ನ್ಯೂಟನ್ ಮೀಟರ್, 5,000 ಆರ್‌ಪಿಎಂ, 157 ಕಿಲೋವ್ಯಾಟ್. ಮೂರನೇ ತರಗತಿಯ ಲೆಕ್ಕ ಇದು, ಆದರೂ ಇದನ್ನು ಮಾಡದೆ ಬಿಟ್ಟ ಕಾರುಗಳೇ ಹೆಚ್ಚು ಡೌನ್‌ಲೋಡ್ ಆಗುತ್ತವೆ ಎಂಬುದು ನಮ್ಮ ಲೋಕದ ವಿಚಿತ್ರ.

ಒಂದು ಸಾಲು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಅಸೆಟ್ಟೋ ಕೋರ್ಸಾ ಒಳ್ಳೆಯ ಉದಾಹರಣೆ. ಅದು ಹುಟ್ಟಿನಿಂದ ಓಪನ್ ವರ್ಲ್ಡ್ ಗೇಮ್ ಅಲ್ಲ. ಅಭಿಮಾನಿಗಳು ಟೋಕಿಯೋದ ಶುಟೊಕೊ ಎಕ್ಸ್‌ಪ್ರೆಸ್‌ವೇಯನ್ನು ಅದರೊಳಗೆ ಕಟ್ಟಿ ಹಾಗೆ ಮಾಡಿಕೊಂಡಿದ್ದಾರೆ. ಅದರ ಕಾರಿನ ಫೈಲಿನಲ್ಲಿ ಒಟ್ಟು ತೂಕದ ಪಕ್ಕದಲ್ಲೇ ಸಣ್ಣ ಟಿಪ್ಪಣಿ ಇದೆ: ಚಾಲಕನ ತೂಕ ಸೇರಿಸಿ, ಇಂಧನ ಬಿಟ್ಟು. ಅಲ್ಲಿಗೆ ವಾದ ಮುಗಿಯಿತು. ಅದನ್ನು ತಯಾರಿಸಿದ ಕೂನೋಸ್ ಸಂಸ್ಥೆ ಮಾಡೆಲ್ ಸಿದ್ಧಪಡಿಸುವ ತನ್ನ ಎಡಿಟರನ್ನೂ ಕೊಟ್ಟಿತು. ಫಲವಾಗಿ 2014ರ ಆ ಗೇಮ್‌ಗೆ ಇಂದಿಗೂ ಹೊಸ ಕಾರುಗಳು ಬರುತ್ತಿವೆ. ಬೀಮ್‌ಎನ್‌ಜಿ ಡ್ರೈವ್ ಇನ್ನೂ ಮುಂದೆ ಹೋಗಿದೆ. ಅಲ್ಲಿ ಕಾರೆಂದರೆ ಪಠ್ಯರೂಪದ ಜೆಬೀಮ್ ಫೈಲುಗಳು ಮತ್ತು ಮಾಡೆಲ್, ಮಾಡ್ ಎಂದರೆ ಒಂದು ಜಿಪ್ ಫೈಲ್, ದಾಖಲೆ ತಯಾರಕರದ್ದೇ, ಮಾಡ್‌ಗಳನ್ನು ಹುಡುಕುವ ಭಂಡಾರವೂ ಗೇಮ್‌ನೊಳಗೇ. ಇದರಿಂದ ಆ ಸಂಸ್ಥೆಗಳ ವ್ಯಾಪಾರ ಮುಳುಗಲಿಲ್ಲ.

ಸದ್ದಿನ ಬಗ್ಗೆ ನಮ್ಮ ಬೇಡಿಕೆ ಚಿಕ್ಕದು. 1,000, 2,500, 4,000, 5,500, 7,000 ಆರ್‌ಪಿಎಂಗಳಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಒಂದು, ಬಿಟ್ಟಾಗ ಒಂದು, ಹೀಗೆ ಮತ್ತೆ ಮತ್ತೆ ಸುತ್ತುವ ಹತ್ತು ಸದ್ದಿನ ತುಣುಕುಗಳು, ಅಂದರೆ ಲೂಪ್‌ಗಳಿದ್ದರೆ ಒಳ್ಳೆಯ ಎಂಜಿನ್ ಸದ್ದು ತಯಾರಾಗುತ್ತದೆ. ಲೂಪಿನ ತುದಿಗಳು ಸೊನ್ನೆ ಮಟ್ಟದಲ್ಲಿ ಸೇರದಿದ್ದರೆ ಪ್ರತಿ ಸುತ್ತಿಗೂ ಟಿಕ್ ಟಿಕ್. ಫೈಲು ಮೊನೊ ಆಗಿರಬೇಕು, ಸ್ಟೀರಿಯೊ ಕೊಟ್ಟರೆ ಅನೇಕ ಗೇಮ್ ಎಂಜಿನ್‌ಗಳಲ್ಲಿ ಹಿಂದೆ ಬರುವ ಕಾರಿನ ಸದ್ದೂ ನಮ್ಮ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಇಷ್ಟು ನಮಗೆ ಗೊತ್ತು. ಈ ಲೂಪ್‌ಗಳನ್ನು ನಿಮ್ಮ ಸೌಂಡ್ ಬ್ಯಾಂಕಿನೊಳಗೆ ಸೇರಿಸುವ ದಾರಿ ಮುಚ್ಚಿರುವುದರಿಂದಲೇ ಇಷ್ಟೆಲ್ಲ ಚೆಂದದ ಮಾಡೆಲ್‌ಗಳು ಎರವಲು ದನಿಯಲ್ಲಿ ಓಡಾಡುತ್ತಿವೆ.

ಈಗ ಕಾರುಪಟ್ಟಿಗೆ ಮರಳೋಣ, ಈ ಪತ್ರದ ತಿರುಳು ಅಲ್ಲೇ ಇದೆ. ಸೇವ್ ಫೈಲಿನಲ್ಲಿ ಆಟಗಾರನ ಗ್ಯಾರೇಜನ್ನು ಬರೆದಿಡುವಾಗ ಪಟ್ಟಿಯ ಎಷ್ಟನೇ ಕಾರು ಎಂಬ ಕ್ರಮಸಂಖ್ಯೆಯನ್ನು ದಯವಿಟ್ಟು ಬಳಸಬೇಡಿ. ನೀವೇ ಒಂದು ಹೊಸ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರುವ ಹೆಚ್ಚುವರಿ ಪೊಟ್ಟಣ) ತಂದು ನಡುವೆ ಕಾರು ಸೇರಿಸಿದರೂ, ನಾವು ಒಂದು ತೆಗೆದರೂ, 57ನೆಯದು 58ನೆಯದೋ 56ನೆಯದೋ ಆಗಿ ಗ್ಯಾರೇಜಿನ ಕಾರುಗಳೆಲ್ಲ ಒಂದರ ಜಾಗಕ್ಕೆ ಒಂದು ಸರಿಯುತ್ತವೆ. ಪ್ರತಿ ಕಾರಿಗೂ ಪಠ್ಯರೂಪದ ಗುರುತು ಇರಲಿ: ತಯಾರಿಸಿದವರ ಅಡ್ಡಹೆಸರು, ಕಾರಿನ ಹೆಸರು, ಆವೃತ್ತಿ ಸೇರಿದ ಒಂದು ಸಾಲು. ಹೆಸರನ್ನು 32 ಬಿಟ್ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಸಂಖ್ಯೆ) ಆಗಿ ಮಾತ್ರ ಇಡುವ ಪದ್ಧತಿಯಲ್ಲಿ ವೇಗ ಇದೆ ನಿಜ. ಆದರೆ ಇಬ್ಬರು ಒಂದೇ ಒಳಹೆಸರು ಇಟ್ಟಾಗ ಯಾವ ಎಚ್ಚರಿಕೆಯೂ ಇಲ್ಲದೆ ಒಂದು ಇನ್ನೊಂದನ್ನು ನುಂಗುತ್ತದೆ, ಲಾಗ್‌ನಲ್ಲಿ ಕಾಣುವುದು ಯಾರಿಗೂ ಅರ್ಥವಾಗದ ಎಂಟು ಅಕ್ಷರ. ಹ್ಯಾಶ್ ಇರಲಿ, ಜೊತೆಗೆ ಮೂಲ ಹೆಸರೂ ಇರಲಿ.

ಸೇವ್ ಫೈಲಿನಲ್ಲಿರುವ ಕಾರು ಡಿಸ್ಕಿನಲ್ಲಿ ಸಿಗದಿದ್ದರೆ ಏನು ಮಾಡಬೇಕೆಂಬುದನ್ನೂ ಈಗಲೇ ನಿರ್ಧರಿಸಿ. ಮಾಡ್ ತೆಗೆದುಹಾಕಿದ ಆಟಗಾರನ ಗೇಮ್ ಲೋಡಿಂಗ್ ಪರದೆಯಲ್ಲೇ ನಿಂತುಬಿಡುವುದು ಎಲ್ಲಕ್ಕಿಂತ ಹೆಚ್ಚು ಬರುವ ದೂರು. ಆ ಜಾಗದಲ್ಲಿ ಒಂದು ಬೂದು ಬಣ್ಣದ ತಾತ್ಕಾಲಿಕ ಕಾರು ತೋರಿಸಿ, ಈ ಕಾರಿನ ಫೈಲು ಕಾಣೆಯಾಗಿದೆ ಎಂದು ಬರೆದರೆ ಸಾಕು. ಫೈಲು ಮರಳಿ ಬಂದಾಗ ಕಾರೂ ಅದರ ಬಣ್ಣ, ಬಿಡಿಭಾಗಗಳ ಸಮೇತ ಮರಳಲಿ. ನಿಮ್ಮ ಸಹಾಯವಾಣಿಯ ಹೊರೆ ಇಳಿಯಲು ಇಷ್ಟೇ ಸಾಕಾಗಬಹುದು.

ಭದ್ರತೆಯ ಹೆಸರಿನಲ್ಲಿ ಮಾಡ್‌ಗಳನ್ನು ತಡೆಯುವುದಕ್ಕೆ ನಮ್ಮ ಉತ್ತರ ನೇರವಾಗಿದೆ. ಅಧಿಕೃತ ದಾರಿ ಇಲ್ಲದಿರುವುದೇ ದೊಡ್ಡ ಅಪಾಯ. ಈಗ ಕಾರು ಸೇರಿಸಲು ಏನು ಮಾಡಬೇಕಾಗುತ್ತದೆ? ವಿಂಡೋಸ್‌ನ ಒಂದು ಕೋಡ್ ಫೈಲಾದ ಡಿಇನ್‌ಪುಟ್8 ಡಿಎಲ್‌ಎಲ್‌ನ ಹೆಸರಿನಲ್ಲಿ ಒಂದು ನಕಲಿ ಫೈಲನ್ನು ಗೇಮ್ ಫೋಲ್ಡರಿಗೆ ಹಾಕಿ, ಗೇಮ್ ಶುರುವಾಗುವಾಗ ಅದರ ಜೊತೆ ನಮ್ಮ ಕೋಡೂ ಒಳಗೆ ಹೋಗುವಂತೆ ಮಾಡಬೇಕು. ಆ ಕೋಡು ಗೇಮ್‌ನ ಮೆಮೊರಿಯ ನಿರ್ದಿಷ್ಟ ವಿಳಾಸಗಳನ್ನು ತಿದ್ದುತ್ತದೆ. ನೀವು ಒಂದು ಚಿಕ್ಕ ಪ್ಯಾಚ್ ಬಿಟ್ಟ ದಿನವೇ ವಿಳಾಸಗಳು ಸರಿದು ಎಲ್ಲರ ಗೇಮ್ ಕ್ರ್ಯಾಶ್. ಆಂಟಿವೈರಸ್ ಅದನ್ನು ಅನುಮಾನಿಸುತ್ತದೆ, ಅದು ಸರಿಯೇ, ಏಕೆಂದರೆ ಡಿಎಲ್‌ಎಲ್ ಏನು ಬೇಕಾದರೂ ಮಾಡಬಲ್ಲದು. ಆಂಟಿವೈರಸ್ ಆಫ್ ಮಾಡಿ ಎಂಬ ಸೂಚನೆಯಿರುವ ಮಾಡ್‌ಗಳನ್ನು ಆಟಗಾರರು ಕಣ್ಣುಮುಚ್ಚಿ ಹಾಕಿಕೊಳ್ಳುತ್ತಾರೆ. ಅದೇ ಕಾರು ಬರೀ ಮಾಡೆಲ್, ಟೆಕ್ಸ್ಚರ್, ಅಂಕಿಗಳ ಪೊಟ್ಟಣವಾಗಿದ್ದರೆ ಅದರಲ್ಲಿ ಓಡುವ ಕೋಡೇ ಇರುವುದಿಲ್ಲ. ನೀವು ಓದುವಾಗ ಮಿತಿ ಹಾಕಬಹುದು: ಟೆಕ್ಸ್ಚರ್ 4096ಕ್ಕೆ ಮೀರಬಾರದು, ತೂಕ ಸೊನ್ನೆಗಿಂತ ಹೆಚ್ಚಿರಬೇಕು, ಗೇರುಗಳ ಸಂಖ್ಯೆ ಇಷ್ಟರೊಳಗಿರಬೇಕು. ಮಿತಿ ಮೀರಿದ ಫೈಲನ್ನು ಕಾರಣ ಹೇಳಿ ತಿರಸ್ಕರಿಸಿ. ಯಾವ ಸಾಲಿನಲ್ಲಿ ತಪ್ಪಿದೆ ಎಂದು ಲಾಗ್ ಬರೆಯುವ ಒಂದು ಪರೀಕ್ಷಕ ಪ್ರೋಗ್ರಾಂ ಕೊಟ್ಟರಂತೂ ಉತ್ತಮ.

ಆನ್‌ಲೈನ್ ಮೋಸ ನಮಗೂ ಬೇಡ. ಗಂಟೆಗೆ 900 ಕಿ.ಮೀ. ಓಡುವ ಕಾರು ತಂದು ರ‍್ಯಾಂಕಿಂಗ್ ರೇಸ್ ಗೆಲ್ಲುವವರನ್ನು ಹೊರಹಾಕಿ, ಯಾರೂ ಅಳುವುದಿಲ್ಲ. ಆದರೆ ಅವರಿಗಾಗಿ ಒಬ್ಬಂಟಿಯಾಗಿ ಊರು ಸುತ್ತುವವರ ಖಾತೆಗಳನ್ನೂ ಬ್ಯಾನ್ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬೇರ್ಪಡಿಸುವ ವಿಧಾನ ಹೊಸದೇನಲ್ಲ. ಅಸೆಟ್ಟೋ ಕೋರ್ಸಾದ ಸರ್ವರ್ ಕಾರಿನ ಡೇಟಾ ಫೈಲಿನ ಚೆಕ್‌ಸಮ್ (ಫೈಲು ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ನೋಡುತ್ತದೆ, ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ನೀವು ಗೇಮ್ ಶುರುವಾಗುವಾಗಲೇ ಎರಡು ಬಾಗಿಲು ಇಡಿ: ಮಾಡ್ ಇರುವ ಆಟಕ್ಕೆ ಬೇರೆ ಸೇವ್ ಫೈಲು, ಆನ್‌ಲೈನ್ ರ‍್ಯಾಂಕಿಂಗ್ ಇಲ್ಲ. ಮಾಡ್ ಇಲ್ಲದ ಆಟಕ್ಕೆ ಈಗಿನಂತೆ ಎಲ್ಲವೂ. ಸ್ನೇಹಿತರು ಸೇರಿ ಆಡುವ ಖಾಸಗಿ ಸೆಷನ್‌ಗಳಲ್ಲಿ ಎಲ್ಲರ ಬಳಿಯೂ ಒಂದೇ ಪೊಟ್ಟಣ ಇದೆಯೇ ಎಂದು ಹ್ಯಾಶ್ ಹೋಲಿಸಿ ಬಿಡಿ.

ಕಾರು ಕಂಪನಿಗಳ ಲೈಸೆನ್ಸ್ ಎಂಬ ಕಗ್ಗಂಟು ನಮಗೆ ಗೊತ್ತಿಲ್ಲದ್ದೇನಲ್ಲ. ಫೋರ್ಜಾ ಹೊರೈಜನ್ 3ನ್ನು 2020ರ ಸೆಪ್ಟೆಂಬರಿನಲ್ಲಿ, ಹೊರೈಜನ್ 4ನ್ನು 2024ರ ಡಿಸೆಂಬರಿನಲ್ಲಿ ಮಾರಾಟದಿಂದ ತೆಗೆದದ್ದು ಇದೇ ಲೈಸೆನ್ಸ್ ಅವಧಿಗಳ ಕಾರಣಕ್ಕೆ. ಆದ್ದರಿಂದಲೇ ನಮ್ಮ ಬೇಡಿಕೆಯಲ್ಲಿ ಬ್ರ್ಯಾಂಡಿನ ಮಾತಿಲ್ಲ. ನೀವು ಕೊಡುವ ಮಾದರಿ ಕಾರು ಯಾವ ಕಂಪನಿಯದ್ದೂ ಆಗಿರದ, ನಿಮ್ಮದೇ ಕಲ್ಪನೆಯ ಒಂದು ಸಾದಾ ಸೆಡಾನ್ ಆಗಿರಲಿ. ನಿಮ್ಮ ಸರ್ವರಿನಲ್ಲಿ ಮಾಡ್‌ಗಳನ್ನು ಇಡಬೇಕಾಗಿಯೂ ಇಲ್ಲ. ನಮ್ಮ ಕಡೆಯಿಂದ ಒಪ್ಪಿಕೊಳ್ಳಬಹುದಾದ ನಿಯಮಗಳು ಇವು: ಹಣಕ್ಕೆ ಮಾರುವಂತಿಲ್ಲ. ಬೇರೆ ಗೇಮ್‌ನಿಂದ ಕಿತ್ತ ಮಾಡೆಲ್ ಬಳಸುವಂತಿಲ್ಲ. ಪೊಟ್ಟಣದೊಳಗೆ ಮಾಡೆಲ್, ಸದ್ದು, ಫಿಸಿಕ್ಸ್ ಯಾರದ್ದೆಂದು ಬರೆದಿರಲೇಬೇಕು. ಎರಡನೆಯದನ್ನು ಮುರಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಲಿಖಿತ ನಿಯಮ ಇಲ್ಲದಿರುವಾಗ ಅವರನ್ನು ಪ್ರಶ್ನಿಸಲು ನಮಗೂ ಆಧಾರ ಇರುವುದಿಲ್ಲ.

ನಿಯಮ ಬರೆಯದೆ ವಕೀಲರ ನೋಟಿಸ್ ಕಳಿಸಿದರೆ ಏನಾಗುತ್ತದೆ ಎಂಬುದನ್ನು 2017ರ ಜೂನಿನಲ್ಲಿ ಎಲ್ಲರೂ ನೋಡಿದ್ದಾರೆ. ಜಿಟಿಎ ಗೇಮ್‌ನ ಮಾಡ್‌ಗಳ ಮುಖ್ಯ ಸಾಧನವಾಗಿದ್ದ ಓಪನ್‌ಐವಿಗೆ ಅದರ ಪ್ರಕಾಶಕ ಟೇಕ್‌ಟು ನೋಟಿಸ್ ಕೊಟ್ಟಿತು. ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಕೆಟ್ಟ ವಿಮರ್ಶೆಗಳ ಮಳೆ ಸುರಿಯಿತು. ಅದೇ ತಿಂಗಳು ಜಿಟಿಎ ತಯಾರಕ ರಾಕ್‌ಸ್ಟಾರ್, ಒಬ್ಬಂಟಿ ಆಟದ, ಲಾಭಕ್ಕಲ್ಲದ ಮಾಡ್‌ಗಳ ಮೇಲೆ ಸಾಮಾನ್ಯವಾಗಿ ಕ್ರಮ ಇರುವುದಿಲ್ಲ ಎಂಬ ನೀತಿ ಪ್ರಕಟಿಸಿತು, ಓಪನ್‌ಐವಿ ಮರಳಿತು. ಆ ನೀತಿ ಮೊದಲೇ ಬರೆದಿದ್ದರೆ ಗಲಾಟೆಯೇ ಇರುತ್ತಿರಲಿಲ್ಲ.

ಕೊನೆಯ ವಿಷಯ, ಗೇಮ್‌ನ ಅಂತ್ಯಕಾಲ. 2014ರಲ್ಲಿ ಬಂದ ದ ಕ್ರ್ಯೂ ಗೇಮ್‌ನ ಸರ್ವರ್‌ಗಳು 2024ರ ಮಾರ್ಚ್ 31ರಂದು ನಿಂತವು. ಅಮೆರಿಕವನ್ನೇ ಚಿಕ್ಕದು ಮಾಡಿ ಕಟ್ಟಿದ್ದ ಆ ನಕ್ಷೆಯಲ್ಲಿ ಒಬ್ಬಂಟಿಯಾಗಿ ಓಡಿಸುವುದಕ್ಕೂ ಆ ದಿನದಿಂದ ಅವಕಾಶವಿಲ್ಲವಾಯಿತು, ಹಣ ಕೊಟ್ಟು ಕೊಂಡವರಿಗೂ. ಪ್ರಕಾಶಕರು ಕೊಂಡ ಗೇಮ್ ನಾಶ ಮಾಡುವುದನ್ನು ತಡೆಯಬೇಕೆಂಬ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಭಿಯಾನ ಹುಟ್ಟಿದ್ದು ಇದರಿಂದಲೇ. ದ ಕ್ರ್ಯೂ 2ಕ್ಕೆ ಅದರ ಪ್ರಕಾಶಕ ಯೂಬಿಸಾಫ್ಟ್ 2025ರಲ್ಲಿ ಆಫ್‌ಲೈನ್ ಆಟದ ದಾರಿ ಕೊಟ್ಟಿತು. ಅಂದಮೇಲೆ ಇದು ಆಗದ ಕೆಲಸವೇನೂ ಅಲ್ಲ. ಆಫ್‌ಲೈನ್ ಇಲ್ಲದ ಗೇಮ್‌ನಲ್ಲಿ ಕಾರು ಮಾಡ್‌ಗೆ ನೆಲೆಯೇ ಇಲ್ಲ, ಏಕೆಂದರೆ ಗ್ಯಾರೇಜು, ಕಾರುಪಟ್ಟಿ, ಅಂಕಿಗಳು ಎಲ್ಲ ನಿಮ್ಮ ಸರ್ವರಿನಲ್ಲಿರುತ್ತವೆ. ಲೈಸೆನ್ಸ್ ಮುಗಿದು ನೀವು ಕಾರುಗಳನ್ನು ತೆಗೆಯಲೇಬೇಕಾಗಿ ಬಂದರೆ ತೆಗೆಯಿರಿ, ರಸ್ತೆಗಳನ್ನು ಉಳಿಸಿ. ಖಾಲಿ ಸಾಲುಗಳನ್ನು ತುಂಬುವ ಕೆಲಸ ನಾವು ಮಾಡಿಕೊಳ್ಳುತ್ತೇವೆ.

ಇದಕ್ಕೆ ಬೇಕಾದ್ದನ್ನು ಒಂದೇ ಪ್ಯಾಚ್‌ನಲ್ಲಿ ಮಾಡಿ ಎನ್ನುತ್ತಿಲ್ಲ. ಮುಂದಿನ ಪ್ಯಾಚ್‌ನಲ್ಲಿ ಗೇಮ್ ಶುರುವಾಗುವಾಗ ಮಾಡ್ಸ್ ಎಂಬ ಒಂದು ಫೋಲ್ಡರನ್ನು ಓದಲಿ, ಅದರಲ್ಲಿ ಸಿಕ್ಕ ಕಾರುಗಳನ್ನು ಪಟ್ಟಿಯ ಕೊನೆಗೆ ಸೇರಿಸಲಿ. ಅದರ ಜೊತೆಗೆ ಆ ಸಾದಾ ಸೆಡಾನಿನ ಪೂರ್ತಿ ಪೊಟ್ಟಣ ಬರಲಿ: ಮೂಲ ಮಾಡೆಲ್ ಫೈಲು, ಎಲ್ಲ ಎಲ್‌ಒಡಿಗಳು, ಟೆಕ್ಸ್ಚರ್, ಕೊಲಿಷನ್, ಹತ್ತು ಲೂಪ್‌ಗಳ ಸದ್ದು, ಪ್ರತಿ ಅಂಕಿಯ ಪಕ್ಕದಲ್ಲಿ ಅದರ ಮಾನ ಬರೆದ ಫಿಸಿಕ್ಸ್ ಫೈಲು. ಸೇವ್ ಫೈಲಿನ ಬದಲಾವಣೆಗೆ ಇನ್ನೊಂದು ಪ್ಯಾಚ್ ತೆಗೆದುಕೊಳ್ಳಿ. ದಾಖಲೆ ಅಂದವಾಗಿರಬೇಕಿಲ್ಲ, ನಿಮ್ಮ ಒಳಗಿನ ಬಳಕೆಯ ಟಿಪ್ಪಣಿಗಳನ್ನೇ ಇದ್ದಂತೆ ಹಾಕಿ. ಓದಿ, ತಪ್ಪಿದ್ದಲ್ಲಿ ತಿದ್ದಿ, ಬೇರೆ ಭಾಷೆಗಳಿಗೂ ತರುವವರು ನಮ್ಮಲ್ಲಿದ್ದಾರೆ.

ಇಂತಿ,
ಗೇಮ್‌ಗಳಿಗೆ ಕಾರು ಮಾಡುವ ಹವ್ಯಾಸಿಗಳು